ನ್ಯಾಯಮೂರ್ತಿ ಎಂ. ಸಿ. ಛಾಗಲಾ

ಚುನಾವಣೆ ಬಂದಿತೆಂದರೆ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಓಣಿಗಳಲ್ಲಿ ಧ್ವನಿವರ್ಧಕಗಳ ಗದ್ದಲ. ಇದಕ್ಕೆಲ್ಲ ಹಣವೆಲ್ಲಿಂದ ಬರುತ್ತದೆಂದು ನಾವು ಕೇಳುವುದು ಅಪರೂಪ. ಆ ಪ್ರಶ್ನೆಯನ್ನು ನ್ಯಾಯಪೀಠದಿಂದಲೇ ಎತ್ತಿದ ಮಹನೀಯರು ಮಹಮದಲಿ ಕರೀಮ ಛಾಗಲಾ.

ಅವರು ಹುಟ್ಟಿದ್ದು 1900ರಲ್ಲಿ, ಮುಂಬಯಿಯಲ್ಲಿ. ಆಕ್ಸಫರ್ಡಿನಲ್ಲಿ ಕಲಿತು, ಬ್ಯಾರಿಸ್ಟರರಾಗಿ ಮುಂಬಯಿ ಹಾಯಕೋರ್ಟಿನಲ್ಲಿ ವಕೀಲಿ ಆರಂಭಿಸಿದರು. 1941ರಲ್ಲಿ ನ್ಯಾಯಾಧೀಶರಾದರು, 1947ರಲ್ಲಿ ಮುಖ್ಯ ನ್ಯಾಯಮೂರ್ತಿಗಳಾದರು. 1949ರಲ್ಲಿ ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ ನಮ್ಮ ಭಾಗದ ಮೇಲ್ಮನವಿಗಳೂ ಆ ಕೋರ್ಟಿಗೇ ಹೋದವು.

1957ರಲ್ಲಿ ಒಂದು ಮಹತ್ವದ ದಾವೆ ಬಂದಿತು. ಟಾಟಾ ಉಕ್ಕಿನ ಕಂಪನಿಯು ರಾಜಕೀಯ ಪಕ್ಷಗಳಿಗೆ ದೇಣಿಗೆ ಕೊಡಲು ಅನುಕೂಲವಾಗುವಂತೆ ತನ್ನ ಮೂಲ ನಿಯಮಪತ್ರವನ್ನು ತಿದ್ದಲು ಹೊರಟಿತ್ತು. ಷೇರುದಾರರೊಬ್ಬರು ಅದನ್ನು ವಿರೋಧಿಸಿದರು. ಛಾಗಲಾ ಅವರಿಗೆ ಧರ್ಮಸಂಕಟ. ದೊಡ್ಡ ಹಣ ಪ್ರಜಾಪ್ರಭುತ್ವದ ಕತ್ತು ಹಿಸುಕೀತೆಂಬ ಭಯ ಅವರಿಗಿತ್ತು. ಆದರೆ ಕಾಯಿದೆಯಲ್ಲಿ ನಿಷೇಧವಿರಲಿಲ್ಲ. ತಮ್ಮ ಮನಸ್ಸಿನ ಇಚ್ಛೆಯನ್ನೇ ಕಾಯಿದೆಯೆಂದು ಸಾರುವುದು ನ್ಯಾಯಾಧೀಶನಿಗೆ ಸಲ್ಲದೆಂದು ತಿಳಿದು ತಿದ್ದುಪಡಿಗೆ ಒಪ್ಪಿಗೆಯಿತ್ತರು. ಜೊತೆಗೇ, ಈ ಅಪಾಯವನ್ನು ಸಂಸತ್ತು ಗಮನಿಸಬೇಕೆಂದು ತೀರ್ಪಿನಲ್ಲೇ ಎಚ್ಚರಿಸಿದರು.

ಮರುವರ್ಷ ಮುಂಧ್ರಾ ಹಗರಣದ ವಿಚಾರಣೆ ಅವರ ಪಾಲಿಗೆ ಬಂದಿತು. ಜೀವವಿಮಾ ನಿಗಮದ ಹಣ ಒಬ್ಬ ವ್ಯಾಪಾರಿಯ ಕಂಪನಿಗಳ ಷೇರುಗಳಿಗೆ ಹೋದದ್ದು ಹೇಗೆಂಬುದನ್ನು ಅವರು ಜನರೆದುರಿಗೇ ವಿಚಾರಿಸಿದರು. ಅದರ ಪರಿಣಾಮವಾಗಿ ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಮುಂದೆ ಛಾಗಲಾ ಅಮೇರಿಕೆಯಲ್ಲಿ ರಾಯಭಾರಿಯಾದರು, ಕೇಂದ್ರದಲ್ಲಿ ಶಿಕ್ಷಣ ಮಂತ್ರಿಯಾದರು. ಭಾಷಾನೀತಿಯ ಭಿನ್ನಾಭಿಪ್ರಾಯದಿಂದ 1967ರಲ್ಲಿ ಮಂತ್ರಿಪದವಿಯನ್ನೇ ತ್ಯಜಿಸಿದರು. 1981ರಲ್ಲಿ ನಿಧನರಾದರು.

ಅವರ ಎಚ್ಚರಿಕೆ ಮಾತ್ರ ಉಳಿಯಿತು. 1960ರಲ್ಲಿ ಸಂಸತ್ತು ಕಂಪನಿ ದೇಣಿಗೆಗೆ ಮಿತಿ ಹಾಕಿತು: 25,000 ರೂಪಾಯಿ ಅಥವಾ ಸರಾಸರಿ ಲಾಭದ ಶೇಕಡಾ 5, ಇವೆರಡರಲ್ಲಿ ಹೆಚ್ಚಿನದು. 1969ರಲ್ಲಿ ದೇಣಿಗೆಯನ್ನೇ ನಿಷೇಧಿಸಿತು. 1985ರಲ್ಲಿ ಮತ್ತೆ ಬಿಟ್ಟಿತು. 2017ರಲ್ಲಿ ಮಿತಿಯೇ ಹೋಯಿತು. ಕೊಟ್ಟವರ ಹೆಸರು ಜನರಿಗೆ ತಿಳಿಯದ ಚುನಾವಣಾ ಬಾಂಡುಗಳೂ ಬಂದವು. 2024ರ ಫೆಬ್ರುವರಿ 15ರಂದು ಸುಪ್ರೀಮ ಕೋರ್ಟು ಇವೆರಡನ್ನೂ ರದ್ದುಗೊಳಿಸಿತು.

ವಿದ್ಯಾರ್ಥಿ ಮಿತ್ರರೇ, ಕಾಯಿದೆಗೆ ತಲೆಬಾಗುವುದು, ಅದರ ಕೊರತೆಯನ್ನು ನಿರ್ಭಯವಾಗಿ ಹೇಳುವುದು – ಈ ಎರಡನ್ನೂ ಛಾಗಲಾ ಒಟ್ಟಿಗೇ ಮಾಡಿದರು. ನಾಳೆ ಮತ ಹಾಕುವವರು ನಾವೇ. ಹಣ ಕೊಟ್ಟವರಾರು ಎಂದು ಕೇಳುವ ಅಭ್ಯಾಸವನ್ನು ಇಂದೇ ಬೆಳೆಸಿಕೊಳ್ಳೋಣ.