ತಿಮೋಜ

ತಿಮೋಜ (ತಿಮ್ಮಯ್ಯ, ತಿಮೋಜಿ ಎಂಬ ರೂಪಗಳೂ ಉಂಟು) ಹದಿನಾರನೆಯ ಶತಮಾನದ ಆರಂಭದಲ್ಲಿ ಹೊನ್ನಾವರವನ್ನು ನೆಲೆಯಾಗಿಸಿಕೊಂಡಿದ್ದ ನೌಕಾನಾಯಕ. ವಿಜಯನಗರದ ಪಾಲಿಗೆ ಆತ ಸೇವಕ. ಸರಕು ಕಳೆದುಕೊಂಡ ವರ್ತಕರ ಪಾಲಿಗೆ ಕಡಲ್ಗಳ್ಳ. ೧೫೧೦ರಲ್ಲಿ ಗೋವೆಯನ್ನು ಗೆದ್ದ ಪೋರ್ಚುಗೀಸರ ಪಾಲಿಗೆ ಮಿತ್ರ. ಮನುಷ್ಯನೊಬ್ಬ ಕೊಳ್ಳೆಯ ವೃತ್ತಿಗೆ ಇಳಿಯಲು ಕಾರಣಗಳೇನೆಂದು ವಿಚಾರಿಸುವವರಿಗೆ ಆತನ ಜೀವನ ಉಪಯುಕ್ತ ನಿದರ್ಶನವಾಗಿದೆ.

ಹಿನ್ನೆಲೆ

ತಾನು ಗೋವೆಯಲ್ಲಿ ಜನಿಸಿದವನೆಂದೂ ಅದು ಬಿಜಾಪುರದ ಆದಿಲಶಾಹಿಗಳ ವಶವಾದ ಮೇಲೆ ತಪ್ಪಿಸಿಕೊಂಡು ಬಂದವನೆಂದೂ ಆತ ಹೇಳಿಕೊಂಡಿದ್ದ. ವಿಜಯನಗರದ ಅಧೀನದಲ್ಲಿದ್ದ ಗೋವೆಯನ್ನು ೧೪೭೨ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಗೆದ್ದುಕೊಂಡಿದ್ದ. ಬಹಮನಿ ರಾಜ್ಯ ಒಡೆದಾಗ ಅದು ಬಿಜಾಪುರಕ್ಕೆ ಸೇರಿತು. ಅರಬ್ಬೀ ಕುದುರೆಗಳು ಬಂದಿಳಿಯುವ ರೇವು ಹೀಗೆ ಶತ್ರುಗಳ ಕೈಸೇರಿದ್ದರಿಂದ ವಿಜಯನಗರವು ಭಟ್ಕಳ, ಹೊನ್ನಾವರಗಳನ್ನು ಹೆಚ್ಚಾಗಿ ನೆಚ್ಚಬೇಕಾಯಿತು. ಗೋವೆಯತ್ತ ಸಾಗುವ ಹಡಗುಗಳನ್ನು ತಡೆಯುವುದು ಊರು ಕಳೆದುಕೊಂಡವನ ಸೇಡಿಗೂ ರಾಜ್ಯದ ಹಿತಕ್ಕೂ ಏಕಕಾಲದಲ್ಲಿ ಒಪ್ಪುವ ಕಾರ್ಯವಾಗಿತ್ತು.

ಈ ಕರಾವಳಿಯ ರಚನೆಯೂ ಅದಕ್ಕೆ ಅನುಕೂಲ. ಹೊನ್ನಾವರದಲ್ಲಿ ಶರಾವತಿ, ಕುಮಟಾದ ಸಮೀಪದಲ್ಲಿ ಅಘನಾಶಿನಿ ಸಮುದ್ರವನ್ನು ಸೇರುತ್ತವೆ. ಅಳಿವೆಯ ಮರಳುದಿಬ್ಬಗಳ ನಡುವೆ ಹುಟ್ಟು ಹಾಕುವ ಹಗುರ ದೋಣಿಗಳು ನುಸುಳಿ ಹೋಗಬಲ್ಲವು. ದೊಡ್ಡ ಹಡಗುಗಳು ಬೆನ್ನಟ್ಟಲಾರವು. ಮಾವಿನಕುರ್ವೆಯ ಸುತ್ತಲ ಹಿನ್ನೀರನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತಿಮೋಜ ಹಸಿವಿನಿಂದ ಕಳ್ಳನಾದವನೆಂದು ಭಾವಿಸಲು ಆಧಾರವಿಲ್ಲ. ಆತನ ಬಳಿ ಸೈನಿಕರಿದ್ದರು, ನೌಕಾಪಡೆಯಿತ್ತು. ಗೇರುಸೊಪ್ಪೆಯ ರಾಣಿಯ ಮಗಳೊಡನೆ ಆತನ ವಿವಾಹವಾದುದನ್ನು ಪೋರ್ಚುಗೀಸ್ ಬರೆಹಗಳು ಹೇಳುತ್ತವೆ. ಸಮಾಜ ಬಹಿಷ್ಕರಿಸಿದ ಅಪರಾಧಿಗೆ ಅರಮನೆಯ ಹೆಣ್ಣು ಸಿಗುವುದಿಲ್ಲ. ಆದ್ದರಿಂದ ಕೊಳ್ಳೆಗೆ ಮೂಲವನ್ನು ಆತನ ಸ್ವಭಾವದಲ್ಲಿ ಮಾತ್ರ ಹುಡುಕುವುದು ಸರಿಯಾಗದು. ಆಶ್ರಯ ಕೊಟ್ಟವರ ಲಾಭವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪೋರ್ಚುಗೀಸರೊಡನೆ

೧೫೦೫ರಲ್ಲಿ ಪೋರ್ಚುಗೀಸರ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ದ ಅಲ್ಮೇದ ಹೊನ್ನಾವರದ ಮೇಲೆರಗಿ ಹಡಗುಗಳನ್ನು ಸುಟ್ಟನು. ಆಗ ಸಂಧಾನಕ್ಕೆ ಬಂದವನು ತಿಮೋಜ. ೧೫೦೭ರಲ್ಲಿ ಕಣ್ಣೂರಿನ ಕೋಟೆಗೆ ಮುತ್ತಿಗೆ ಬೀಳಲಿರುವುದನ್ನು ಆತ ಅವರಿಗೆ ಮೊದಲೇ ತಿಳಿಸಿದನು. ಗಮನಿಸಬೇಕಾದ ಸಂಗತಿಯೆಂದರೆ, ತಮ್ಮ ಪರವಾನಗಿ ಪತ್ರವಿಲ್ಲದ ಹಡಗುಗಳನ್ನು ಪೋರ್ಚುಗೀಸರೂ ಹಿಡಿದು ಸರಕನ್ನು ವಶಪಡಿಸಿಕೊಳ್ಳುತ್ತಿದ್ದರು. ಅದನ್ನು ಅವರು ಕಳ್ಳತನವೆಂದು ಕರೆಯಲಿಲ್ಲ.

೧೫೧೦ರ ಆರಂಭದಲ್ಲಿ ಅಫೋನ್ಸೊ ದ ಅಲ್ಬುಕರ್ಕ್ ಕೆಂಪು ಸಮುದ್ರದ ದಂಡಯಾತ್ರೆಗೆ ಹೊರಟಿದ್ದನು. ಬಿಜಾಪುರದಲ್ಲಿ ಯೂಸುಫ್ ಆದಿಲ್ ಶಾಹ ತೀರಿಕೊಂಡಿದ್ದಾನೆ, ಮಗ ಇನ್ನೂ ಎಳೆಯ, ಮೊದಲು ಗೋವೆಯನ್ನು ಹಿಡಿಯುವುದು ಲೇಸು ಎಂದು ತಿಮೋಜ ಸಲಹೆಯಿತ್ತನು. ನಗರ ಹೆಚ್ಚಿನ ಹೋರಾಟವಿಲ್ಲದೆ ಶರಣಾಯಿತು. ಮೇ ತಿಂಗಳಲ್ಲಿ ಬಿಜಾಪುರದ ಸೈನ್ಯ ಅದನ್ನು ಮರಳಿ ಪಡೆಯಿತು. ನವೆಂಬರ್ ೨೫ರಂದು ಅಲ್ಬುಕರ್ಕ್ ಮತ್ತೆ ಗೆದ್ದನು.

ಗೋವೆಯ ಒಡೆತನವೇ ತನಗೆ ದೊರೆಯಬೇಕೆಂಬುದು ತಿಮೋಜನ ಆಸೆ. ದೊರೆತದ್ದು ಅಲ್ಲಿನ ಹಿಂದೂಗಳ ಮುಖ್ಯಸ್ಥನ ಪದವಿ ಮತ್ತು ತೆರಿಗೆ ವಸೂಲಿಯ ಕೆಲಸ. ಹುಟ್ಟೂರಿಗೆ ಅಧಿಕಾರಿಯಾಗಿ ಮರಳಿದರೂ ಆತ ಅಲ್ಲಿ ಬಹುಕಾಲ ನಿಲ್ಲಲಿಲ್ಲ. ಆಡಳಿತ ಹೊನ್ನಾವರದ ರಾಜವಂಶದ ಮೇಲರಾವ್ ಎಂಬಾತನ ಕೈಗೆ ಹೋಯಿತು.