ದಿನದ ಚಿಂತನೆ: ಜನ ಅಳೆದದ್ದು ಎತ್ತರವನ್ನು, ಮನುಷ್ಯನನ್ನಲ್ಲ





ಹುಟ್ಟಿನಿಂದ ಬಂದದ್ದನ್ನು ನೋಡಿ ಮನುಷ್ಯನ ಬೆಲೆ ಕಟ್ಟುವ ರೂಢಿ ನಮ್ಮ ನಾಡಿನಲ್ಲಷ್ಟೇ ಇಲ್ಲ. ಇಂದು ಅಮೆರಿಕದ ಜಾಕ್ ಅರ್ಲ್ ಅವರ ಬದುಕನ್ನು ನೋಡೋಣ.

1906ರಲ್ಲಿ ಡೆನ್ವರ್ ನಗರದ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದರು. ಮೂಲ ಹೆಸರು ಜೇಕಬ್ ಎರ್ಲಿಕ್. ಹುಟ್ಟಿದಾಗ ಎರಡು ಕೆ.ಜಿ.ಯೂ ಇರದ ಕೂಸು ಅದು. ಟೆಕ್ಸಾಸ್‌ನ ಎಲ್ ಪಾಸೋದಲ್ಲಿ ಬೆಳೆಯುತ್ತಿದ್ದಾಗ, ಏಳು ವರ್ಷದ ನಂತರ ಮೈ ಒಂದೇ ಸಮನೆ ಎತ್ತರವಾಗತೊಡಗಿತು. ಓರಗೆಯ ಹುಡುಗರು ಕಾಡಿಸುತ್ತಿದ್ದರು. ಜೇಕಬ್ ಜನರ ಕಣ್ಣು ತಪ್ಪಿಸಿ ಓಡಾಡುವುದನ್ನು ಕಲಿತರು.

ಹದಿಹರೆಯದಲ್ಲೇ ಹಾಲಿವುಡ್ ಕರೆಯಿತು. ಜಾಕ್ ಅರ್ಲ್ ಎಂಬ ಹೆಸರಿನಲ್ಲಿ ಹಲವಾರು ಮೂಕಿ ಹಾಸ್ಯಚಿತ್ರಗಳಲ್ಲಿ ನಟಿಸಿದರು. ಒಮ್ಮೆ ಚಿತ್ರೀಕರಣದಲ್ಲಿ ಎತ್ತರದಿಂದ ಬಿದ್ದರು. ಕಣ್ಣು ಮಂಜಾಗಿ, ಕಡೆಗೆ ದೃಷ್ಟಿಯೇ ಹೋಯಿತು. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಇದೆಯೆಂದು ವೈದ್ಯರು ಕಂಡುಕೊಂಡರು. ಎಕ್ಸ್‌ರೇ ಚಿಕಿತ್ಸೆಯಿಂದ ದೃಷ್ಟಿ ಮರಳಿತು. ಅವರನ್ನು ಅಷ್ಟೆತ್ತರ ಬೆಳೆಸಿದ್ದು ಆ ಗಡ್ಡೆಯೇ. ಅದರಲ್ಲಿ ಪವಾಡವೂ ಇಲ್ಲ, ಶಾಪವೂ ಇಲ್ಲ.

ಮುಂದೆ ರಿಂಗ್ಲಿಂಗ್ ಸರ್ಕಸ್ ಸೇರಿದರು. ಅಲ್ಲಿ ಮುಖ್ಯ ಡೇರೆಯ ಪಕ್ಕದಲ್ಲಿ ಇನ್ನೊಂದು ಡೇರೆ ಇರುತ್ತಿತ್ತು. ಜನ ಟಿಕೆಟ್ ಕೊಂಡು ಒಳಗೆ ಹೋಗಿ, ವೇದಿಕೆಯ ಮೇಲೆ ನಿಂತವರನ್ನು ನೋಡುತ್ತಿದ್ದರು. ಜಾಕ್ ಇದ್ದದ್ದು ಸುಮಾರು ಏಳೂವರೆ ಅಡಿ. ಸರ್ಕಸ್ಸಿನವರು ಜಾಹೀರಾತಿನಲ್ಲಿ ಎಂಟೂವರೆ ಎಂದರು. ಎತ್ತರದ ಬೂಟು, ದೊಡ್ಡ ಟೋಪಿ ತೊಡಿಸಿದರು. ಇದ್ದ ಎತ್ತರವೂ ವ್ಯಾಪಾರಕ್ಕೆ ಸಾಲಲಿಲ್ಲ!

ಮೊದಮೊದಲು ಜನರ ನೋಟ ಅವರನ್ನು ಚುಚ್ಚುತ್ತಿತ್ತು. ಆಗ ಧೈರ್ಯ ಹೇಳಿದವರು ಅದೇ ವೇದಿಕೆಯ ಹ್ಯಾರಿ ಡಾಲ್. ಮೂರಡಿ ಚಿಲ್ಲರೆ ಎತ್ತರದ ಮನುಷ್ಯ. ನಮಗಿಂತ ವಿಚಿತ್ರವಾದವರು ಎದುರಿಗೆ ನೋಡುತ್ತ ನಿಂತವರಲ್ಲೇ ಹೆಚ್ಚು ಎಂದು ಅವರು ತಿಳಿಹೇಳಿದರು. ಡೇರೆಯಲ್ಲಿ ಬಹಳ ಎತ್ತರದವರಿಗೆ ಆಸರೆಯಾದವರು ಬಹಳ ಗಿಡ್ಡನೆಯವರು.

ಸುಮಾರು ಹದಿನಾಲ್ಕು ವರ್ಷಗಳ ನಂತರ ಜಾಕ್ ಸರ್ಕಸ್ ಬಿಟ್ಟು, ವೈನ್ ಕಂಪನಿಯೊಂದರ ಮಾರಾಟ ಪ್ರತಿನಿಧಿಯಾದರು. ಚಿತ್ರ ಬರೆದರು, ಶಿಲ್ಪ ಮಾಡಿದರು. ಕವಿತೆಗಳ ಪುಸ್ತಕವನ್ನೂ ಹೊರತಂದರು. 1952ರಲ್ಲಿ ತೀರಿಕೊಂಡಾಗ ವಯಸ್ಸು 46.

ದುಡ್ಡು ಕೊಟ್ಟು ನೋಡಿದ ಜನಕ್ಕೆ ಅವರ ಎತ್ತರ ಕಂಡಿತು. ಆ ದೇಹದೊಳಗೊಬ್ಬ ಕವಿ ಇದ್ದದ್ದು ಕಾಣಲಿಲ್ಲ. ಎತ್ತರವನ್ನು ಅವರು ಆರಿಸಿಕೊಂಡಿರಲಿಲ್ಲ. ಕುಂಚ, ಉಳಿ, ಲೇಖನಿಗಳನ್ನು ಆರಿಸಿಕೊಂಡರು. ಮನುಷ್ಯನನ್ನು ಅಳೆಯುವುದಾದರೆ ಅವನು ಆರಿಸಿಕೊಂಡದ್ದರಿಂದ ಅಳೆಯಬೇಕು.

ನಮ್ಮ ಊರುಗಳಲ್ಲೂ ಕುಂಟ, ಗಿಡ್ಡ, ಗೂನ ಎಂದೇ ಕರೆಸಿಕೊಳ್ಳುವವರಿದ್ದಾರೆ. ಹುಟ್ಟಿನ ಹೆಸರಿನಿಂದ ಕರೆಸಿಕೊಂಡ ನೋವು ನಮಗೆ ಗೊತ್ತು. ಇಂದು ಅಂಥ ಒಬ್ಬರನ್ನಾದರೂ ಅವರ ಸ್ವಂತ ಹೆಸರಿನಿಂದ ಕರೆದು ಮಾತಾಡಿಸೋಣ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್ 💙