ಒಂದು ಡಾಲರಿಗೆ ಕೊಟ್ಟ ಔಷಧಿ

ನವೆಂಬರ್ 14 ಅಂದ ಕೂಡಲೇ ನಮಗೆಲ್ಲ ಮಕ್ಕಳ ದಿನಾಚರಣೆ ನೆನಪಾಗುತ್ತದೆ. ಡಾ. ಫ್ರೆಡರಿಕ್ ಬ್ಯಾಂಟಿಂಗ್ ಅವರು ಹುಟ್ಟಿದ್ದೂ ಅದೇ ದಿನ. ನಮ್ಮಜ್ಜಿ ದಿನಾ ಊಟಕ್ಕೆ ಮೊದಲು ಚುಚ್ಚಿಕೊಳ್ಳುವ ಇನ್ಸುಲಿನ್ ಇದೆಯಲ್ಲ, ಅದನ್ನು ಕಂಡುಹಿಡಿದವರಲ್ಲಿ ಅವರೊಬ್ಬರು. ಅದಕ್ಕೇ ಅವರ ಬಗ್ಗೆ ಬರೆಯುತ್ತಿದ್ದೇನೆ.

ಬ್ಯಾಂಟಿಂಗ್ 1891ರಲ್ಲಿ ಕೆನಡಾ ದೇಶದ ಅಲಿಸ್ಟನ್ ಊರಿನ ರೈತರ ಮನೆಯಲ್ಲಿ ಹುಟ್ಟಿದರು. ವೈದ್ಯರಾಗಿ ಮೊದಲನೇ ಮಹಾಯುದ್ಧಕ್ಕೆ ಹೋಗಿ ಗಾಯಗೊಂಡರು. ಆಮೇಲೆ ಆಸ್ಪತ್ರೆ ತೆರೆದರೆ ರೋಗಿಗಳು ಬಂದದ್ದೇ ಕಡಿಮೆ.

ಆ ಕಾಲದಲ್ಲಿ ಸಕ್ಕರೆ ಕಾಯಿಲೆ ಬಂದ ಮಕ್ಕಳು ಹೆಚ್ಚು ದಿನ ಬದುಕುತ್ತಿರಲಿಲ್ಲ. ಊಟ ಕಡಿಮೆ ಮಾಡಿಸುವುದು ಬಿಟ್ಟರೆ ಡಾಕ್ಟರಿಗೂ ಬೇರೆ ದಾರಿ ಇರಲಿಲ್ಲ. 1921ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ಪ್ರೊಫೆಸರ್ ಮೆಕ್ಲಿಯಡ್ ಅವರ ಪ್ರಯೋಗಶಾಲೆಯಲ್ಲಿ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಕೆಲಸ ಶುರು ಮಾಡಿದರು. ಮೇದೋಜೀರಕ ಗ್ರಂಥಿಯ ಸಾರ ತೆಗೆದು, ಕಾಯಿಲೆಯ ನಾಯಿಗಳಿಗೆ ಚುಚ್ಚಿ ನೋಡಿದರು. ರಕ್ತದ ಸಕ್ಕರೆ ಇಳಿಯಿತು!

1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಕೊಟ್ಟರು. ನಮ್ಮ ವಯಸ್ಸಿನವನೇ! ಆದರೆ ಮದ್ದು ಶುದ್ಧವಿರಲಿಲ್ಲ, ಸರಿಯಾಗಿ ಹಿಡಿಯಲಿಲ್ಲ. ಜೇಮ್ಸ್ ಕಾಲಿಪ್ ಅದನ್ನು ಶುದ್ಧ ಮಾಡಿದ ಮೇಲೆ ಜನವರಿ 23ರಂದು ಮತ್ತೆ ಚುಚ್ಚಿದರು. ಹುಡುಗ ಚೇತರಿಸಿಕೊಂಡ. ಮುಂದೆ 13 ವರ್ಷ ಬದುಕಿದ.

ಇನ್ನು ಮುಖ್ಯವಾದ ವಿಷಯ. ಪೇಟೆಂಟ್ ಅಂದರೆ ಹೊಸದನ್ನು ಕಂಡುಹಿಡಿದವರಿಗೆ ಸರಕಾರ ಕೆಲವು ವರ್ಷ ಕೊಡುವ ಹಕ್ಕು. ಅವರ ಒಪ್ಪಿಗೆ ಇಲ್ಲದೆ ಬೇರೆಯವರು ಅದನ್ನು ಮಾಡಿ ಮಾರುವ ಹಾಗಿಲ್ಲ. ವೈದ್ಯನಾದವನು ಹೀಗೆ ಮಾಡುವುದು ಸರಿಯಲ್ಲವೆಂದು ಬ್ಯಾಂಟಿಂಗ್ ಮೊದಲು ತಮ್ಮ ಹೆಸರನ್ನೇ ಕೊಡಲಿಲ್ಲ. ಆದರೆ ಸುಮ್ಮನೆ ಬಿಟ್ಟರೆ ಯಾರೋ ಒಬ್ಬರು ಪೇಟೆಂಟ್ ಮಾಡಿಸಿಕೊಂಡು ಎಲ್ಲರಿಗೂ ಬಾಗಿಲು ಹಾಕಿಬಿಡಬಹುದಿತ್ತು. ಅದಕ್ಕೆ 1923ರಲ್ಲಿ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ತಲಾ ಒಂದೇ ಡಾಲರಿಗೆ ಆ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ವಿಶ್ವವಿದ್ಯಾಲಯ ಬೇರೆ ಬೇರೆ ತಯಾರಕರಿಗೆ ಅನುಮತಿ ಕೊಟ್ಟು, ಮದ್ದಿನ ಗುಣಮಟ್ಟವನ್ನೂ ನೋಡಿಕೊಂಡಿತು.

ಅದೇ ವರ್ಷ ಬ್ಯಾಂಟಿಂಗ್ ಮತ್ತು ಮೆಕ್ಲಿಯಡ್ ಅವರಿಗೆ ನೊಬೆಲ್ ಬಹುಮಾನ ಬಂತು. ಬ್ಯಾಂಟಿಂಗ್ ತಮ್ಮ ಪಾಲಿನ ಅರ್ಧ ಹಣವನ್ನು ಬೆಸ್ಟ್ ಅವರಿಗೆ ಕೊಟ್ಟರು. 1941ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ನಮ್ಮನೇಲಿ ಫ್ರಿಜ್ ಇಲ್ಲ. ಅಜ್ಜಿಯ ಇನ್ಸುಲಿನ್ ಬಾಟಲಿಯನ್ನು ತಣ್ಣನೆಯ ಮಡಕೆಯಲ್ಲಿ ಇಡ್ತೀವಿ. ಅದು ಮುಗೀತಾ ಬಂದಾಗ ಅಪ್ಪ ದುಡ್ಡು ಎಣಿಸ್ತಾರೆ. ಒಂದು ಡಾಲರಿಗೆ ಕೊಟ್ಟದ್ದಕ್ಕೆ ಇಷ್ಟು ಬೆಲೆ ಯಾಕೆ ಅಂತ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಆಮೇಲೆ ಬಂದ ಹೊಸ ಬಗೆಯ ಇನ್ಸುಲಿನ್‌ಗೆ, ಚುಚ್ಚುವ ಪೆನ್ನಿಗೆ ಕಂಪನಿಗಳು ಬೇರೆ ಪೇಟೆಂಟ್ ಪಡೆದವು ಅಂದರು. ಹೊಸದು ಕಂಡುಹಿಡಿಯಲು ಖರ್ಚಾಗುತ್ತೆ, ನಿಜ. ಆದರೂ ಮದ್ದು ಕೊನೆಗೆ ರೋಗಿಯ ಕೈಗೆ ಸಿಗಬೇಕಲ್ಲವೇ?

ಈ ಸಲ ಮಕ್ಕಳ ದಿನಾಚರಣೆಗೆ ಸಿಹಿ ತಿನ್ನುವಾಗ ಬ್ಯಾಂಟಿಂಗ್ ಅವರನ್ನೂ ನೆನೆಯೋಣ.